ಪರೀಕ್ಷೆ ತಪ್ಪಿಸಲು ಹೋಗಿ ಗೆದ್ದ ಹಫ್‌ಮನ್

ಮನೆಯ ಪ್ಲೇಯರ್‌ನಲ್ಲಿ ಡಿವಿಡಿ ಹಾಕಿದರೆ ಸಿನಿಮಾ ಸರಾಗವಾಗಿ ಓಡುತ್ತದೆ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 98 ಲಕ್ಷ ಬಿಟ್‌ಗಳ ಮಿತಿಯಿದೆ. ಆದರೆ 720×576 ಅಳತೆಯ ಚಿತ್ರಗಳನ್ನು ಸೆಕೆಂಡಿಗೆ 25ರಂತೆ, ಕುಗ್ಗಿಸದೆ ತೋರಿಸಲು ಸುಮಾರು 12.4 ಕೋಟಿ ಬಿಟ್ ಬೇಕು. ಇಷ್ಟು ದೊಡ್ಡ ಹೊರೆ ಅಷ್ಟು ಸಣ್ಣ ಬಾಗಿಲಲ್ಲಿ ಹೇಗೆ ತೂರುತ್ತದೆ? ಉತ್ತರದ ಒಂದು ಭಾಗ ಒಬ್ಬ ವಿದ್ಯಾರ್ಥಿಯ ಟರ್ಮ್ ಪೇಪರ್‌ನಲ್ಲಿದೆ. ಆ ವಿದ್ಯಾರ್ಥಿ ಡೇವಿಡ್ ಹಫ್‌ಮನ್.

ಅಮೆರಿಕದ ಒಹಾಯೊದಲ್ಲಿ 1925ರಲ್ಲಿ ಹುಟ್ಟಿದ ಹಫ್‌ಮನ್, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ನೌಕಾಪಡೆಯಲ್ಲಿ ರಾಡಾರ್ ನಿರ್ವಹಣೆಯ ಅಧಿಕಾರಿಯಾಗಿದ್ದರು. ಮರಳಿ ಬಂದು ಸ್ನಾತಕೋತ್ತರ ಪದವಿ ಮುಗಿಸಿ, ಪಿಎಚ್‌.ಡಿ.ಗೆಂದು ಎಂಐಟಿ ಸೇರಿದರು.

1951ರಲ್ಲಿ ಪ್ರಾಧ್ಯಾಪಕ ರಾಬರ್ಟ್ ಫ್ಯಾನೊ ತಮ್ಮ ತರಗತಿಗೆ ಒಂದು ಆಯ್ಕೆ ಕೊಟ್ಟರು: ಅಂತಿಮ ಪರೀಕ್ಷೆ ಬರೆಯಿರಿ, ಇಲ್ಲವೇ ಟರ್ಮ್ ಪೇಪರ್ ಕೊಡಿ. ಅಕ್ಷರಗಳನ್ನು ಅತಿ ಕಡಿಮೆ ಬಿಟ್‌ಗಳಲ್ಲಿ ಬರೆಯುವ ಅತ್ಯುತ್ತಮ ವಿಧಾನ ಹುಡುಕುವುದು ಪೇಪರಿನ ವಿಷಯ. ಸ್ವತಃ ಫ್ಯಾನೊಗೂ ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್‌ಗೂ ಇದಕ್ಕೆ ಪೂರ್ಣ ಉತ್ತರ ಸಿಕ್ಕಿರಲಿಲ್ಲ. ಈ ಮಾತನ್ನು ಫ್ಯಾನೊ ವಿದ್ಯಾರ್ಥಿಗಳಿಗೆ ಹೇಳಲೇ ಇಲ್ಲ.

ಹಫ್‌ಮನ್ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ದಾರಿ ಕಾಣಲಿಲ್ಲ. ಕೊನೆಗೆ ಟಿಪ್ಪಣಿಗಳನ್ನು ಕಸದ ಬುಟ್ಟಿಗೆ ಹಾಕಿ ಪರೀಕ್ಷೆಗೆ ಓದಲು ಕೂರುವ ಹೊತ್ತಿಗೆ ಉತ್ತರ ಹೊಳೆಯಿತು. ಫ್ಯಾನೊ ಮೇಲಿನಿಂದ ಕೆಳಕ್ಕೆ ಭಾಗ ಮಾಡುತ್ತಾ ಬಂದಿದ್ದರು. ಹಫ್‌ಮನ್ ಕೆಳಗಿನಿಂದ ಹೊರಟರು: ಅತಿ ಅಪರೂಪದ ಎರಡು ಅಕ್ಷರಗಳನ್ನು ಜೋಡಿಸಿ ಒಂದು ಮಾಡುವುದು, ಎಲ್ಲವೂ ಒಂದೇ ಆಗುವವರೆಗೆ ಹೀಗೇ ಮುಂದುವರಿಯುವುದು. ಆಗ ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಉದ್ದ ಸಂಕೇತ ಸಿಗುತ್ತದೆ. ನಾಲ್ಕು ಅಕ್ಷರಗಳು 4, 2, 1, 1 ಸಲ ಬಂದರೆ ಸಮಾನ ಉದ್ದದ ಸಂಕೇತಕ್ಕೆ 16 ಬಿಟ್ ಬೇಕು. ಈ ವಿಧಾನದಲ್ಲಿ 14 ಸಾಕು.

1952ರಲ್ಲಿ ಪ್ರಕಟವಾದ ಈ ವಿಧಾನದ ತತ್ವ ಮುಂದೆ ಜೆಪೆಗ್ ಚಿತ್ರ, ಎಂಪಿ3 ಹಾಡು, ಡಿವಿಡಿಯ ಎಂಪೆಗ್-2 ವಿಡಿಯೊ ಎಲ್ಲಕ್ಕೂ ಬಂತು. ಇವುಗಳಲ್ಲಿ ಚಿತ್ರದ ಲೆಕ್ಕಾಚಾರಕ್ಕೆ ಬಳಸುವ ಡಿಸಿಟಿ ವಿಧಾನದ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿ ಓದಿದ ನಾಸಿರ್ ಅಹ್ಮದ್ ಇದ್ದಾರೆಂಬುದು ನಮಗೆ ಹೆಮ್ಮೆ. ಬಿಟ್‌ರೇಟ್ ಮಿತಿಯೊಳಗೆ ಇರಿಸಲು ಎನ್‌ಕೋಡರ್ ಸೂಕ್ಷ್ಮ ವಿವರಗಳನ್ನು ಒರಟಾಗಿಸಿದಾಗ ಚಿತ್ರದ ಗುಣಮಟ್ಟ ಕುಂದುತ್ತದೆ. ಆದರೆ ಹಫ್‌ಮನ್ ಹಂತದಲ್ಲಿ ಒಂದು ಚುಕ್ಕಿಯೂ ಕಳೆದುಹೋಗದು. ಅಲ್ಲಿ ಉಳಿದ ಪ್ರತಿ ಬಿಟ್ ವಿವರಗಳಿಗೇ ಸಿಗುತ್ತದೆ.

ಹಫ್‌ಮನ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ಎಂಐಟಿಯಲ್ಲಿ, 1967ರಿಂದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಕಾಗದವನ್ನು ಬಾಗಿದ ಗೆರೆಗಳಲ್ಲಿ ಮಡಿಸುವ ಗಣಿತ ಅವರ ಇನ್ನೊಂದು ಪ್ರೀತಿ. 1999ರಲ್ಲಿ ತೀರಿಕೊಂಡರು.

ದೊಡ್ಡವರಿಗೇ ಆಗದ್ದು ಎಂದು ಮೊದಲೇ ಗೊತ್ತಿದ್ದರೆ ಅವರು ಪರೀಕ್ಷೆಯನ್ನೇ ಆರಿಸಿಕೊಳ್ಳುತ್ತಿದ್ದರೇನೋ. ನಾವೂ ಎಷ್ಟೋ ಅರ್ಜಿಗಳನ್ನು, ಎಷ್ಟೋ ಲೆಕ್ಕಗಳನ್ನು ಕಷ್ಟವೆಂದು ಯಾರೋ ಹೇಳಿದ್ದಕ್ಕೇ ಬಿಟ್ಟಿದ್ದೇವೆ. ಟಿಪ್ಪಣಿಗಳನ್ನು ಬುಟ್ಟಿಗೆ ಹಾಕುವ ಮುನ್ನ ಇನ್ನೊಮ್ಮೆ, ಈ ಸಲ ಕೆಳಗಿನಿಂದ, ನೋಡೋಣ.