ಅಲೆಕ್ಸಾಂದ್ರಿಯದ ಅಥನಾಸಿಯಸನೂ ಇಪ್ಪತ್ತೇಳು ಪುಸ್ತಕಗಳೂ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳ ನಮ್ಮ ಸಭೆಗಳಲ್ಲಿ ಹೊಸ ಒಡಂಬಡಿಕೆಯನ್ನು ತೆರೆದರೆ ಮತ್ತಾಯನ ಸುವಾರ್ತೆ ಮೊದಲ್ಗೊಂಡು ಪ್ರಕಟನೆಯ ವರೆಗೆ ೨೭ ಪುಸ್ತಕಗಳನ್ನು ಕಾಣುತ್ತೇವೆ. ಇವುಗಳನ್ನು ಯಾರು ಆರಿಸಿದರು, ಬೇರೆಯವು ಯಾಕಿಲ್ಲ ಎಂದು ನೆರೆಯವರು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತೇವೆ. ಆದಕಾರಣ ಈ ವಿಷಯದಲ್ಲಿ ಸಭೆಗೆ ಉಪಕಾರ ಮಾಡಿದ ಅಥನಾಸಿಯಸನ ಚರಿತ್ರೆಯನ್ನು ಹೇಳುತ್ತೇವೆ.

ಈತನು ಸುಮಾರು ಕ್ರಿ. ಶ. ೨೯೭ರಲ್ಲಿ ಐಗುಪ್ತದ ಅಲೆಕ್ಸಾಂದ್ರಿಯ ಪಟ್ಟಣದಲ್ಲಿ ಹುಟ್ಟಿದನು. ೩೦೩ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯು ದೇವಾಲಯಗಳನ್ನು ಕೆಡವಿ ಕ್ರೈಸ್ತರ ಗ್ರಂಥಗಳನ್ನು ಸುಡಬೇಕೆಂದು ಆಜ್ಞೆಮಾಡಿದನು. ಪ್ರಾಣ ಹೋದರೂ ಕೊಡಬಾರದ ಪುಸ್ತಕಗಳು ಯಾವುವೆಂಬದು ಆಗ ಸಭೆಗಳಿಗೆ ಒಣತರ್ಕವಾಗಿರಲಿಲ್ಲ. ಕೆಲವರು ಪುಸ್ತಕಗಳನ್ನು ಒಪ್ಪಿಸಿದರು. ಕೆಲವರು ಪ್ರಾಣವನ್ನೇ ಒಪ್ಪಿಸಿದರು. ಅಂಥ ದಿನಗಳಲ್ಲಿ ಈ ಬಾಲಕನು ಬೆಳೆದನು.

೩೨೫ರಲ್ಲಿ ನೈಸಿಯದ ಮಹಾಸಭೆಗೆ ಅಥನಾಸಿಯಸನು ತನ್ನ ಬಿಷಪನ ಸಂಗಡ ಸಭಾಸೇವಕನಾಗಿ ಹೋದನು. ಆ ಸಭೆಯಲ್ಲಿಯೇ ಸತ್ಯವೇದದ ಪುಸ್ತಕಗಳು ನಿರ್ಣಯವಾದವೆಂದು ಕೆಲವರು ಹೇಳುವದು ತಪ್ಪು. ಅಲ್ಲಿ ಮುಖ್ಯವಾಗಿ ವಿಚಾರವಾದದ್ದು ದೇವಕುಮಾರನು ಸೃಷ್ಟಿಸಲ್ಪಟ್ಟವನೆಂಬ ಆರಿಯಸನ ಬೋಧನೆಯೇ. ೩೨೮ರಲ್ಲಿ ಅಥನಾಸಿಯಸನು ಅಲೆಕ್ಸಾಂದ್ರಿಯದ ಬಿಷಪನಾದನು. ನೈಸಿಯದ ನಂಬಿಕೆಯನ್ನು ಬಿಡದ ಕಾರಣ ಐದು ಸಾರಿ ಗಡೀಪಾರಾಗಿ, ತನ್ನ ೪೫ ವರುಷಗಳ ಸೇವೆಯಲ್ಲಿ ಸುಮಾರು ೧೭ ವರುಷಗಳನ್ನು ಹೊರಗೆ ಕಳೆದನು. ಕೆಲವು ಕಾಲ ಅರಣ್ಯದ ಸನ್ಯಾಸಿಗಳು ಅವನನ್ನು ಅಡಗಿಸಿ ಕಾಪಾಡಿದರು.

ಅಲೆಕ್ಸಾಂದ್ರಿಯದ ಬಿಷಪನು ಪ್ರತಿವರುಷವೂ ಪುನರುತ್ಥಾನದ ಹಬ್ಬದ ದಿನವನ್ನು ಪತ್ರದ ಮೂಲಕ ಸಭೆಗಳಿಗೆ ತಿಳಿಸುವ ವಾಡಿಕೆಯಿತ್ತು. ಆ ಕಾಲದಲ್ಲಿ ಅಪೊಸ್ತಲರ ಹೆಸರಿಟ್ಟ ಸುಳ್ಳು ಪುಸ್ತಕಗಳು ಐಗುಪ್ತದಲ್ಲಿ ಹರಡಿ ಸರಳರನ್ನು ಮೋಸಗೊಳಿಸುತ್ತಿದ್ದವು. ಆದದರಿಂದ ೩೬೭ರ ಪತ್ರದಲ್ಲಿ ಮುದುಕನಾದ ಅಥನಾಸಿಯಸನು ನಮ್ಮ ೨೭ ಪುಸ್ತಕಗಳನ್ನೇ, ಹೆಚ್ಚು ಕಡಿಮೆಯಿಲ್ಲದೆ, ಹೆಸರಿಸಿದನು. ಎರಡನೆಯದಾಗಿ, ಹೊಸಬರ ಬೋಧನೆಗೆ ತಕ್ಕ ಕೆಲವು ಪುಸ್ತಕಗಳನ್ನು ಪ್ರತ್ಯೇಕವಾಗಿ ಇಟ್ಟನು. ಮೂರನೆಯದಾಗಿ, ಸುಳ್ಳು ಪುಸ್ತಕಗಳನ್ನು ತಳ್ಳಿಬಿಟ್ಟನು. ನಮ್ಮ ರೈತರು ಬಿತ್ತನೆಯ ರಾಗಿಯನ್ನು ಬೇರೆ, ಊಟದ ರಾಗಿಯನ್ನು ಬೇರೆ ಇಟ್ಟು ಜೊಳ್ಳನ್ನು ತೂರಿಬಿಡುವಂತೆ ಇದಾಯಿತು.

ಹಾಗಾದರೆ ಒಬ್ಬ ಮನುಷ್ಯನ ಪತ್ರವೇ ಇವುಗಳನ್ನು ದೇವರ ವಾಕ್ಯವಾಗಿ ಮಾಡಿತೋ? ಇಲ್ಲ. ರೈತನು ಬೀಜಕ್ಕೆ ಜೀವಕೊಡುವದಿಲ್ಲ, ಜೀವವುಳ್ಳದ್ದನ್ನು ಗುರುತಿಸುತ್ತಾನೆ. ನಾಲ್ಕು ಸುವಾರ್ತೆಗಳೂ ಪೌಲನ ಪತ್ರಿಕೆಗಳೂ ಎರಡನೆಯ ಶತಮಾನದಿಂದಲೇ ಬಹುಮಟ್ಟಿಗೆ ಸಭೆಗಳಲ್ಲಿ ಓದಲ್ಪಡುತ್ತಿದ್ದವು. ಇಬ್ರಿಯರಿಗೆ ಬರೆದದ್ದು, ಯಾಕೋಬನದು, ಯೂದನದು, ಪೇತ್ರನ ಎರಡನೆಯದು, ಯೋಹಾನನ ಕಡೇ ಎರಡು, ಪ್ರಕಟನೆ ಇವುಗಳ ವಿಷಯವಾಗಿ ಮಾತ್ರ ಕೆಲವು ಕಡೆ ಸಂದೇಹವಿತ್ತು. ಅಪೊಸ್ತಲರ ಸಾಕ್ಷಿಯೋ, ಮೊದಲಿನಿಂದ ಬಂದ ನಂಬಿಕೆಗೆ ಒಪ್ಪುವದೋ, ಎಲ್ಲೆಡೆಯ ಸಭೆಗಳು ಓದುತ್ತವೋ ಎಂದು ಹಿರಿಯರು ಬಹುಕಾಲ ಪರೀಕ್ಷಿಸಿದರು. ಅಥನಾಸಿಯಸನು ಎಸ್ತೇರಳ ಪುಸ್ತಕವನ್ನು ಎರಡನೆಯ ತರಗತಿಯಲ್ಲಿ ಇಟ್ಟಿದ್ದನು. ಅದರಲ್ಲಿ ಸಭೆಯು ಅವನನ್ನು ಅನುಸರಿಸಲಿಲ್ಲ. ಹೊಸ ಒಡಂಬಡಿಕೆಯ ೨೭ ಪುಸ್ತಕಗಳನ್ನೋ ೩೯೭ರಲ್ಲಿ ಕಾರ್ಥೇಜಿನ ಸಭೆಯೂ ಒಪ್ಪಿತು. ಸಿರಿಯದ ಸಭೆಗಳಿಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು.

ಅಥನಾಸಿಯಸನು ೩೭೩ರಲ್ಲಿ ತನ್ನ ಪಟ್ಟಣದಲ್ಲಿಯೇ ಸಮಾಧಾನದಿಂದ ಪ್ರಾಣಬಿಟ್ಟನು. ಬಳ್ಳಾರಿಯ ಜಾನ್ ಹ್ಯಾಂಡ್ಸನ ಬಹುವರುಷದ ಪ್ರಯಾಸದಿಂದ ೧೮೩೧ರಲ್ಲಿ ಪೂರ್ಣವಾದ ಕನ್ನಡ ಸತ್ಯವೇದದಲ್ಲಿಯೂ ಹೊಸ ಒಡಂಬಡಿಕೆಗೆ ಅದೇ ೨೭ ಪುಸ್ತಕಗಳು. ೧೮೩೭ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನಿನ ಕೆಲಸ ಆರಂಭವಾದಾಗ ಆ ಕನ್ನಡ ವೇದವು ಮುಂಚೆಯೇ ಸಿದ್ಧವಾಗಿತ್ತು.

ಪ್ರಿಯರೇ, ಬೆಂಕಿಗೂ ಗಡೀಪಾರಿಗೂ ಅಂಜದವರು ನಮಗಾಗಿ ಕಾದಿಟ್ಟ ಬೀಜವು ನಮ್ಮ ಮನೆಯಲ್ಲಿದೆ. ಅದನ್ನು ಹಗೇವಿನಲ್ಲಿಯೇ ಮುಚ್ಚಿಟ್ಟರೆ ಬೆಳೆಯುಂಟೋ? ಈ ರಾತ್ರಿಯೇ ದೀಪ ಹಚ್ಚಿ, ಮಕ್ಕಳನ್ನು ಕೂಡಿಸಿ, ಒಂದು ಅಧ್ಯಾಯವನ್ನು ಓದೋಣ.