ಬಣ್ಣ ಬದಲಿಸಿದ ಬೆಳಕು

ಸಿ.ವಿ. ರಾಮನ್ ಹುಟ್ಟಿದ್ದು 1888ರಲ್ಲಿ, ತಿರುಚಿನಾಪಳ್ಳಿಯಲ್ಲಿ. ಕಲ್ಕತ್ತಾದಲ್ಲಿ ಅವರಿಗೆ ಒಳ್ಳೇ ಸಂಬಳದ ಸರ್ಕಾರಿ ಕೆಲಸ ಇತ್ತು. ಆಫೀಸ್ ಮುಗಿಸಿ ಲ್ಯಾಬಿಗೆ ಓಡ್ತಿದ್ದರು. 1917ರಲ್ಲಿ ಆ ಕೆಲಸವನ್ನೇ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು.

1928ರ ಫೆಬ್ರವರಿ 28ರಂದು, ಕೆ.ಎಸ್. ಕೃಷ್ಣನ್ ಜೊತೆಗಿನ ಪ್ರಯೋಗ ಫಲ ಕೊಟ್ಟಿತು. ಅಣುಗಳಿಗೆ ತಾಗಿ ಚದುರಿದ ಬೆಳಕಲ್ಲಿ ಒಂಚೂರು ಭಾಗ ಬಣ್ಣ ಬದಲಿಸುತ್ತೆ. ಎಷ್ಟು ಬದಲಾಯ್ತು ಅಂತ ಅಳೆದರೆ ಅಣು ಯಾವುದು ಅಂತ ಗೊತ್ತಾಗುತ್ತೆ. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಜಗಳಗಳಾಗಿ 1937ರಲ್ಲಿ ಆ ಹುದ್ದೆ ಬಿಡಬೇಕಾಯ್ತು. ಆದರೆ ಬೆಂಗಳೂರು ಬಿಡಲಿಲ್ಲ. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, 1948ರಿಂದ ಅಲ್ಲೇ ದುಡಿದರು. ನೂರಾರು ವಜ್ರಗಳನ್ನು ಕೂಡಿಸಿ, ಅವುಗಳಲ್ಲಿ ಬೆಳಕು ಹೇಗೆ ಹಾಯುತ್ತೆ ಅಂತ ನೋಡಿದರು.

ಈಗ ನೈಟ್ರೋಜನ್, ಮೀಥೇನ್ ಥರದ ಗ್ಯಾಸ್ ಮಿಶ್ರಣಗಳನ್ನು ಎರಡು ವಜ್ರಗಳ ನಡುವೆ ಒತ್ತಿ, ಹೆಪ್ಪುಗಟ್ಟಿಸಿ, ಲೇಸರ್ ಬಿಡ್ತಾರೆ. ಒತ್ತಡ, ತಾಪಮಾನ ಬದಲಾದ ಹಾಗೆ ರಾಮನ್ ಗೆರೆಗಳು ಸರಿಯುತ್ತವೆ, ಕೆಲವು ಒಡೆದು ಎರಡಾಗುತ್ತವೆ. ಪ್ಲೂಟೋದಂಥ ಕಡೆಯ ಹಿಮವನ್ನು ಅರ್ಥ ಮಾಡ್ಕೊಳ್ಳೋಕೆ ಇಂಥ ಪ್ರಯೋಗಗಳೂ ಒಂದು ದಾರಿ.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ಆಯ್ತು. ಅಲ್ಲಿ ಸಮಾಧಿ ಇಲ್ಲ, ಒಂದು ಮರ ಇದೆ.