ಆರ್ಗನ್ ವಾದಕ ಫ್ರೆಸ್ಕೊಬಾಲ್ಡಿ

ಇಟಲಿಯ ಫೆರಾರಾ ನಗರದಲ್ಲಿ 1583ರಲ್ಲಿ ಜನಿಸಿದ ಜಿರೊಲಾಮೊ ಫ್ರೆಸ್ಕೊಬಾಲ್ಡಿಯವರು 1608ರಲ್ಲಿ ರೋಮಾಪುರಿಯ ಸಂತ ಪೇತ್ರರ ಮಹಾದೇವಾಲಯದ ಆರ್ಗನ್ ವಾದಕರಾದರು. ಹಾಳೆಯ ಮೇಲಿನ ಸ್ವರಲಿಪಿ ಎಲ್ಲವನ್ನೂ ಹೇಳಲಾರದೆಂದು ಅವರು ಅರಿತಿದ್ದರು. ಆದುದರಿಂದಲೇ 1615ರಲ್ಲಿ ಮೊದಲು ಅಚ್ಚಾದ ತಮ್ಮ ತೊಕ್ಕಾತಾ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ನುಡಿಸುವ ಬಗೆಯನ್ನೇ ವಿವರಿಸಿದರು: ಆರಂಭವನ್ನು ಮೆಲ್ಲನೆ, ಸ್ವರಗಳನ್ನು ಬಿಡಿಸಿ ನುಡಿಸಬೇಕು, ಲಯವು ಒಂದೇ ಸಮನಾಗಿರದೆ ಭಾವಕ್ಕೆ ತಕ್ಕಂತೆ ನಿಧಾನಿಸಿ, ತ್ವರೆಗೊಳ್ಳಬೇಕು. ಈ ಮಾತುಗಳನ್ನು ಓದದೆ ನುಡಿಸುವವರ ಕೈಯಲ್ಲಿ ಆ ಕೃತಿಗಳು ನಿರ್ಜೀವವೇ ಸರಿ.

1635ರ ‘ಫಿಯೋರಿ ಮ್ಯೂಸಿಕಾಲಿ’ ಬಲಿಪೂಜೆಗೆಂದೇ ರಚಿತವಾದುದು. ಅದರ ಒಂದು ರಚನೆಯಲ್ಲಿ ಐದನೆಯ ಧ್ವನಿಯನ್ನು ಕೀಲಿಮಣೆಯಲ್ಲಿ ನುಡಿಸದೆ ಬಾಯಲ್ಲೇ ಹಾಡಬೇಕು. ಎಲ್ಲೆಲ್ಲಿ ಎಂಬುದನ್ನು ವಾದಕನೇ ಹುಡುಕಿಕೊಳ್ಳಬೇಕು! ಲೂಥರನ ಪಂಥದವರಾದ ಬಾಖ್ ಅವರೂ 1714ರಲ್ಲಿ ಈ ಗ್ರಂಥದ ಪ್ರತಿಯೊಂದನ್ನು ಹೊಂದಿದ್ದರು. ಫ್ರೆಸ್ಕೊಬಾಲ್ಡಿಯವರು 1643ರ ಮಾರ್ಚ್ 1ರಂದು ರೋಮಿನಲ್ಲಿ ನಿಧನರಾದರು.